ಒಳ್ಳೆ ನಡತೆಗೆ ಸ್ಟಾರ್ ಕೊಡುವುದು: ಮೂರರಿಂದ ಐದನೇ ಕ್ಲಾಸಿಗೆ ಹೇಗೆ ಮಾಡುವುದು?

ಪ್ರಶ್ನೆ: ಬ್ರಹ್ಮಾವರ_ಟೀಚರ್

ಉಡುಪಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮೂರರಿಂದ ಐದನೇ ಕ್ಲಾಸಿನವರೆಗೆ 62 ಮಕ್ಕಳು. ಜೂನ್‌ನಿಂದ ಸ್ಟಾರ್ ಚಾರ್ಟ್ ಶುರು ಮಾಡಬೇಕೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತೀರ್ಮಾನ ಆಗಿದೆ. ಸ್ಟಾರ್ ಕೊಡುವುದು ಈ ಐದಕ್ಕೆ: ಸಮಯಕ್ಕೆ ಬರುವುದು, ಕೊಡೆ-ಚಪ್ಪಲಿ ಸಾಲಾಗಿ ಇಡುವುದು, ಬಿಸಿಯೂಟ ಆದ ಮೇಲೆ ಬಟ್ಟಲು ತೊಳೆಯಲು ಕ್ಯೂ ನಿಲ್ಲುವುದು, ಸುಳ್ಳು ಹೇಳದಿರುವುದು, ಜೊತೆಯವರಿಗೆ ಸಹಾಯ ಮಾಡುವುದು. 10 ಸ್ಟಾರಿಗೆ ಒಂದು ಪೆನ್ಸಿಲ್. ತಪ್ಪು ಮಾಡಿದರೆ ಸ್ಟಾರ್ ಕಡಿತ. ತಿಂಗಳ ಕೊನೆಗೆ ಒಬ್ಬರಿಗೆ ‘ಬೆಸ್ಟ್ ಸ್ಟೂಡೆಂಟ್’ ಬಿರುದು. ಮಕ್ಕಳು ಎಲ್ಲದಕ್ಕೂ ಲೆಕ್ಕ ಹಾಕುವವರಾಗಿಬಿಟ್ಟರೆ ಎಂಬ ಹೆದರಿಕೆ ಉಂಟು. ಗೊತ್ತಿದ್ದವರು ಹೇಳಿ.

ಉತ್ತರ: ಮನಃಶಾಸ್ತ್ರ_ಮಣಿಪಾಲ

ಪಟ್ಟಿಯಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಕೊಡೆ ಇಡುವುದು, ಕ್ಯೂ ನಿಲ್ಲುವುದು ರೂಢಿಯ ಮಾತು. ಕೊಡೆ ಸಾಲಾಗಿಡುವ ಆಸೆ ಯಾವ ಮಗುವಿಗೂ ತಾನಾಗಿ ಇರುವುದಿಲ್ಲ, ಆದ್ದರಿಂದ ಸ್ಟಾರ್ ಕೊಟ್ಟರೆ ಹಾಳಾಗುವುದೂ ಏನಿಲ್ಲ. ಸಹಾಯ ಮಾಡುವುದು, ಸತ್ಯ ಹೇಳುವುದು ಹಾಗಲ್ಲ. ಅವೆರಡನ್ನೂ ಪಟ್ಟಿಯಿಂದ ತೆಗೆಯಿರಿ.

1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯಲ್ಲಿ, ಸ್ಕೆಚ್ ಪೆನ್ನಿನಿಂದ ಖುಷಿಯಾಗಿ ಚಿತ್ರ ಬಿಡಿಸುತ್ತಿದ್ದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ‘ಬಿಡಿಸಿದರೆ ಸರ್ಟಿಫಿಕೇಟು’ ಎಂದು ಮೊದಲೇ ಹೇಳಿದರು. ಒಂದೆರಡು ವಾರ ಕಳೆದು ನೋಡಿದರೆ, ಆ ಮಕ್ಕಳು ಪೆನ್ನು ಹಿಡಿದ ಹೊತ್ತು ಉಳಿದವರ ಅರ್ಧದಷ್ಟೇ. ಏನೂ ಹೇಳದೆ ಕೊನೆಗೆ ಅದೇ ಸರ್ಟಿಫಿಕೇಟು ಪಡೆದವರಲ್ಲಿ ಆಸಕ್ತಿ ಇಳಿಯಲಿಲ್ಲ. ಅಂದರೆ ಇಲ್ಲಿ ಕೆಡಿಸಿದ್ದು ಬಹುಮಾನ ಅಲ್ಲ, ಮೊದಲೇ ಆದ ಒಪ್ಪಂದ. ಸಹಾಯದ ವಿಷಯದಲ್ಲಂತೂ ಬಹುಮಾನವೇ ಕೆಡಿಸಿದ್ದುಂಟು: ವಾರ್ನೆಕೆನ್ ಮತ್ತು ಟೊಮಾಸೆಲೊ 2008ರಲ್ಲಿ 20 ತಿಂಗಳ ಮಕ್ಕಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸಹಾಯ ಮಾಡಿದ್ದಕ್ಕೆ ವಸ್ತು ಸಿಕ್ಕಿದ ಮಕ್ಕಳು ಆಮೇಲೆ ಕಡಿಮೆ ಸಹಾಯ ಮಾಡಿದರು. ಬರೀ ಹೊಗಳಿಕೆ ಸಿಕ್ಕಿದವರಲ್ಲಿ ಹಾಗಾಗಲಿಲ್ಲ.

ಕ್ಲಾಸಿನಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತಾ? ಕೆಳಗೆ ಬಿದ್ದ ಒಂದು ರಬ್ಬರಿಗೆ ಮೂವರು ಬಗ್ಗುತ್ತಾರೆ, ಎತ್ತಿದವ ರಬ್ಬರಿನ ಯಜಮಾನನನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ.

ಉತ್ತರ: ವಿಶೇಷ_ಶಿಕ್ಷಕ_ಸುರತ್ಕಲ್

ಮೇಲಿನದು ಸರಿ, ಆದರೆ ಸ್ಟಾರ್ ಅಂದರೆ ಲಂಚ ಎಂಬ ಹಾಗೆ ಆಗುವುದು ಬೇಡ ಮಾರಾಯ್ರೆ. ಕೂತಲ್ಲಿ ಕೂರಲಾಗದ, ಗಮನ ನಿಲ್ಲದ ಮಗುವಿಗೆ ಇದು ನಿಜವಾಗಿ ಉಪಕಾರ ಮಾಡುತ್ತದೆ. ಮಾಡುವ ಕ್ರಮ ಬೇಕು, ಅಷ್ಟೆ.

ಮೊದಲ ವಾರ ಸ್ಟಾರ್ ಬೇಡ. ಕ್ಯೂ ತಪ್ಪಿಸುವುದು ದಿನಕ್ಕೆ ಎಷ್ಟು ಸಲ ಎಂದು ಸುಮ್ಮನೆ ಬರೆದಿಡಿ, ಇಲ್ಲದಿದ್ದರೆ ಆಮೇಲೆ ಸುಧಾರಿಸಿತೋ ಇಲ್ಲವೋ ಹೇಳಲಾಗುವುದಿಲ್ಲ. ಒಮ್ಮೆಗೆ ಎರಡೇ ನಡತೆ ಹಿಡಿಯಿರಿ, ಅದೂ ‘ದೂಡಬೇಡ’ ಎಂದಲ್ಲ, ‘ಮುಂದಿನವರಿಂದ ಒಂದು ಕೈ ದೂರ ನಿಲ್ಲು’ ಎಂದು. ಸ್ಟಾರ್ ಅಲ್ಲಿಯೇ, ಆ ಕ್ಷಣವೇ ಸಿಗಬೇಕು. ಯಾಕೆ ಕೊಟ್ಟದ್ದೆಂದು ಬಾಯಲ್ಲೂ ಹೇಳಬೇಕು. ಸಂಜೆ ಒಟ್ಟಿಗೆ ಕೊಟ್ಟರೆ ಮಗುವಿಗೆ ಯಾವುದಕ್ಕೆ ಸಿಕ್ಕಿತೆಂದೇ ಗೊತ್ತಾಗುವುದಿಲ್ಲ. ಶುರುವಿನಲ್ಲಿ ಗುರಿ ಸುಲಭ ಇರಲಿ, ಐದು ದಿನದಲ್ಲಿ ನಾಲ್ಕು ದಿನ ಮುಟ್ಟುವಷ್ಟು.

ಪೆನ್ಸಿಲ್ ಬೇಡ. ಲೆಕ್ಕ ಹಾಕಿ: 62 ಮಕ್ಕಳು, ದಿನಕ್ಕೆ 5 ಸ್ಟಾರ್ ಅಂದರೆ 310 ಸ್ಟಾರ್, 31 ಪೆನ್ಸಿಲ್. 22 ದಿನದ ತಿಂಗಳಿಗೆ 682! ಐದು ರೂಪಾಯಿಯ ಪೆನ್ಸಿಲಾದರೂ 3,410 ರೂಪಾಯಿ. ಬೆಲ್ ಹೊಡೆಯುವುದು, ಇವತ್ತಿನ ಕತೆ ಆರಿಸುವುದು, ಐದು ನಿಮಿಷ ಹೆಚ್ಚು ಆಟ: ಇವಕ್ಕೆ ಖರ್ಚಿಲ್ಲ, ಮಕ್ಕಳಿಗೆ ಇಷ್ಟವೂ ಹೌದು.

ಹೆಚ್ಚಿನವರು ಎಡವುವುದು ನಿಲ್ಲಿಸುವ ಕಡೆ. ಒಮ್ಮೆಲೇ ನಿಲ್ಲಿಸಿದರೆ ಹಳೆ ಚಾಳಿ ವಾಪಸ್ಸು ಬರುತ್ತದೆ. ಮೂರನೇ ವಾರದಿಂದ ಪ್ರತಿ ಸಲದ ಬದಲು ಆಗೊಮ್ಮೆ ಈಗೊಮ್ಮೆ, ಆಮೇಲೆ ದಿನಕ್ಕೊಂದು, ಆಮೇಲೆ ವಾರಕ್ಕೊಂದು, ಕೊನೆಗೆ ಬಾಯಿಮಾತು ಮಾತ್ರ. ಈ ಇಳಿಸುವ ತಾರೀಕುಗಳನ್ನು ಜೂನ್‌ನಲ್ಲೇ ಬರೆದಿಡಿ.

ಉತ್ತರ: ಕಾರ್ಕಳ_ಮಾಸ್ತರ್

ಕಡಿತ ಬೇಡವೇ ಬೇಡ. ಇಸ್ರೇಲಿನ ಹೈಫಾದಲ್ಲಿ 10 ಡೇ ಕೇರ್‌ಗಳಲ್ಲಿ ನಡೆದ ಅಧ್ಯಯನ ಒಂದುಂಟು, ಪ್ರಕಟವಾದದ್ದು 2000ದಲ್ಲಿ. ಮಗುವನ್ನು ಕರೆದುಕೊಂಡು ಹೋಗಲು ತಡವಾಗಿ ಬರುವವರಿಗೆ 6 ಕಡೆ ದಂಡ ಹಾಕಿದರು. ತಡವಾಗಿ ಬರುವವರು ಹೆಚ್ಚಾದರು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಮೊದಲಿದ್ದ ಸಂಕೋಚ ಹೋಗಿ, ತಡಕ್ಕೆ ದರ ಕಟ್ಟಿದ ಹಾಗಾಯಿತು. ‘ಎರಡು ಸ್ಟಾರ್ ಹೋದರೆ ಹೋಗಲಿ’ ಎಂದು ಹೊಡೆಯುವ ಹುಡುಗನ ಲೆಕ್ಕವೂ ಅದೇ.

‘ಬೆಸ್ಟ್ ಸ್ಟೂಡೆಂಟ್’ ಕೂಡ ಕೈಬಿಡಿ. ಅಷ್ಟಮಿ ಬರುವಷ್ಟರಲ್ಲಿ ಅದೇ ನಾಲ್ಕು ಹೆಸರು ತಿರುಗುತ್ತಿರುತ್ತವೆ, ಉಳಿದವರು ಚಾರ್ಟಿನ ಕಡೆ ತಲೆಯೆತ್ತುವುದಿಲ್ಲ. ಕೊನೆಯಲ್ಲಿರುವವರ ಹೆಸರು ಗೋಡೆ ಮೇಲೆ ತೂಗುವುದಂತೂ ತಪ್ಪು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಬ್ರಹ್ಮಾವರ_ಟೀಚರ್

ಸಭೆಯವರನ್ನು ಒಪ್ಪಿಸಲು ಪೆನ್ಸಿಲ್ ಲೆಕ್ಕ ಒಂದೇ ಸಾಕು! ಸುಳ್ಳಿಗೆ ಸ್ಟಾರ್ ಇಲ್ಲದಿದ್ದರೆ ಮತ್ತೆ ಎಂತ ಮಾಡುವುದು?

ಮನಃಶಾಸ್ತ್ರ_ಮಣಿಪಾಲ

ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳಬೇಡಿ. ‘ನಲ್ಲಿ ಮುರಿದದ್ದು ನೀನಾ?’ ಎಂದರೆ ‘ನಾನಲ್ಲ’ ಎಂಬ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. ‘ನಲ್ಲಿ ಮುರಿದಿದೆ, ನೀರು ಹೋಗ್ತಾ ಉಂಟು, ಈಗ ಎಂತ ಮಾಡುವ?’ ಎನ್ನಿ. ಬಕೆಟ್ ಇಡುವುದು, ಹೆಡ್‌ಮಾಸ್ಟರಿಗೆ ಹೋಗಿ ಹೇಳುವುದು, ಅಷ್ಟು ಮಾಡಿಸಿ. ತಾನಾಗಿ ಬಂದು ಹೇಳಿದವನಿಗೂ ಸಿಕ್ಕಿಬಿದ್ದವನಿಗೂ ಒಂದೇ ಬೈಗುಳವಾದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ವಾರಕ್ಕೊಮ್ಮೆ ಹತ್ತು ನಿಮಿಷ ಚರ್ಚೆ ಇಡಿ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಪಿಯಾಜೆ 1932ರಲ್ಲಿ ಬರೆದ ಕತೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಬಾಗಿಲು ತೆರೆಯುವಾಗ ಗೊತ್ತಿಲ್ಲದೆ 15 ಕಪ್ ಒಡೆದವ, ಕದ್ದು ಜಾಮ್ ತೆಗೆಯಲು ಹೋಗಿ ಒಂದು ಕಪ್ ಒಡೆದವ, ಯಾರದು ದೊಡ್ಡ ತಪ್ಪು? ಚಿಕ್ಕವರು 15 ಕಪ್ಪಿನವನ ಕಡೆ ಬೆರಳು ತೋರಿಸುತ್ತಾರೆ, ದೊಡ್ಡವರಾದ ಹಾಗೆ ಉದ್ದೇಶ ನೋಡುತ್ತಾರೆ. ನಿಮ್ಮ ಮೂರನೇ ಕ್ಲಾಸಿನಲ್ಲಿ ಎರಡೂ ಉತ್ತರ ಬರಬಹುದು. ಸರಿ ಯಾವುದೆಂದು ನೀವು ಹೇಳಬೇಡಿ, ‘ಯಾಕೆ?’ ಎಂದು ಮಾತ್ರ ಕೇಳುತ್ತಾ ಹೋಗಿ, ಅವರೇ ವಾದ ಮಾಡಿಕೊಳ್ಳಲಿ.

ಕಾರ್ಕಳ_ಮಾಸ್ತರ್

ಸಮಯಕ್ಕೆ ಬರುವುದನ್ನೂ ಪಟ್ಟಿಯಿಂದ ತೆಗೆಯಿರಿ. ಜುಲೈ ಮಳೆಗೆ ಬಸ್ಸು ತಡವಾದರೆ ಮಗು ಎಂತ ಮಾಡೀತು? ಆ ಸ್ಟಾರ್ ಶಾಲೆಯ ಪಕ್ಕದ ಮನೆಯವನಿಗೆ ಮಾತ್ರ ಸಿಗುವುದು.