ಕನ್ನಡ ಬ್ಲಾಗಿಗೆ ಉಚಿತ ಥೀಮ್ ಸಾಕೇ, ದುಡ್ಡು ಕೊಟ್ಟು ಕೊಳ್ಳಬೇಕೇ?

ಪ್ರಶ್ನೆ: ಸ್ವಂತ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ (ಬ್ಲಾಗ್ ನಡೆಸುವ ತಂತ್ರಾಂಶ) ಇದೆ. ಬರೀ ಕನ್ನಡ ಬರಹ, ಅಂಗಡಿ ಗಿಂಗಡಿ ಇಲ್ಲ. ಥೀಮ್ ಮಾರುವ ತಾಣ ಥೀಮ್‌ಫಾರೆಸ್ಟ್‌ನಲ್ಲಿ ಒಂದು ಥೀಮ್ (ಬ್ಲಾಗಿನ ಸಿದ್ಧ ವಿನ್ಯಾಸ) ಕಣ್ಣಿಗೆ ಬಿದ್ದಿದೆ. ಕೊಳ್ಳಲೇ?

ಉತ್ತರ 1: ಬರಹಕ್ಕಷ್ಟೇ ಆದರೆ ಬೇಡ. ವರ್ಡ್‌ಪ್ರೆಸ್‌ನ ಥೀಮ್ ಡೈರೆಕ್ಟರಿಯಲ್ಲಿರುವವು ಪರಿಶೀಲನೆ ದಾಟಿ ಬಂದವು, ಅಪ್‌ಡೇಟ್ ಡ್ಯಾಶ್‌ಬೋರ್ಡಿನಲ್ಲೇ ಸಿಗುತ್ತದೆ. ಅಲ್ಲಿ ಸಿಗುವ ಜನರೇಟ್‌ಪ್ರೆಸ್ ಥೀಮ್ ಹಾಕಿ ನೋಡಿ. ಬೇರೆ ಯಾವುದೇ ಆದರೂ ಕೊನೆಯ ಅಪ್‌ಡೇಟ್ ಆಗಿ ವರ್ಷ ದಾಟಿದ್ದರೆ ಬಿಟ್ಟುಬಿಡಿ.

ಉತ್ತರ 2: ಡೆಮೊ ಇಂಗ್ಲಿಷಿನಲ್ಲಿರುತ್ತದೆ, ಜನ ಮರುಳಾಗುವುದು ಅಲ್ಲೇ. ಶೀರ್ಷಿಕೆಯ ಲೈನ್-ಹೈಟ್ (ಸಾಲಿನ ಎತ್ತರ) 1.2 ಇದ್ದರೆ ‘ರಾಷ್ಟ್ರೀಯ’ದಂಥ ಪದದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಕಸ್ಟಮೈಸ್ → ಅಡಿಷನಲ್ ಸಿಎಸ್‌ಎಸ್‌ಗೆ (ತಾಣದ ನೋಟ ತಿದ್ದುವ ಕೋಡ್ ಬರೆಯುವ ಜಾಗ) ಹೋಗಿ ಶೀರ್ಷಿಕೆಗೆ 1.5, ಪಠ್ಯಕ್ಕೆ 1.8 ಕೊಡಿ, ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) 0 ಮಾಡಿ, ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಫಾಂಟ್ ನೋಟೊ ಸೆರಿಫ್ ಕನ್ನಡ ಇರಲಿ. 400 (ಸಾಮಾನ್ಯ) ಮತ್ತು 700 (ದಪ್ಪ) ತೂಕ ಎರಡೇ ಸಾಕು, ಎಲ್ಲ ತೂಕವನ್ನೂ ಸೇರಿಸಿದರೆ ಮೊಬೈಲಿನಲ್ಲಿ ಪುಟ ತೆವಳುತ್ತದೆ.

ಪ್ರಶ್ನೆ ಕೇಳಿದವರು: ಸರಿ. ಅದೇ ಥೀಮ್ ಟೆಲಿಗ್ರಾಂ ಗುಂಪೊಂದರಲ್ಲಿ ಪುಕ್ಕಟೆ ಸಿಗುತ್ತಿದೆಯಲ್ಲ?

ಉತ್ತರ 3: ಅದು ನಲ್ಡ್ ಪ್ರತಿ, ಅಂದರೆ ಪರವಾನಗಿ ತಪ್ಪಿಸಿ ಹಂಚುವ ಕಳ್ಳ ಪ್ರತಿ, ಮುಟ್ಟಲೇಬೇಡಿ. ಥೀಮಿನ ಫಂಕ್ಷನ್ಸ್ ಫೈಲಿನಲ್ಲಿ ಹಲವು ಸಲ ಬೇಸ್64 ಕೋಡ್ (ಓದಲು ಬಾರದ ರೂಪಕ್ಕೆ ತಿರುಗಿಸಿದ ಕೋಡ್) ಅಡಗಿಸಿರುತ್ತಾರೆ. ನಿಮ್ಮ ತಾಣದ ಹೆಸರಲ್ಲಿ ಗೂಗಲ್‌ನಲ್ಲಿ ಜೂಜಿನ ಪುಟಗಳು ಕಾಣಿಸಿಕೊಂಡಾಗಲೇ ಗೊತ್ತಾಗೋದು. ಅಪ್‌ಡೇಟೂ ತಾನಾಗಿ ಬರುವುದಿಲ್ಲ.

ಕೊಂಡೇ ತೀರುತ್ತೀರಾದರೆ ಎರಡು ಮಾತು. ಥೀಮ್‌ಫಾರೆಸ್ಟ್‌ನಲ್ಲಿ ಬೆಲೆಯ ಜೊತೆ ಬರುವ ಸಪೋರ್ಟ್ 6 ತಿಂಗಳಿನದು, ಆಮೇಲೆ ಬೇಕಾದರೆ ಮತ್ತೆ ದುಡ್ಡು. ಇನ್ನು, ಥೀಮ್ ತನ್ನದೇ ಪೇಜ್ ಬಿಲ್ಡರ್ (ಪುಟ ಜೋಡಿಸುವ ಸಾಧನ) ಹೇರುತ್ತದೆಯೇ ನೋಡಿಕೊಳ್ಳಿ. ಹೇರಿದರೆ, ಮುಂದೆ ಥೀಮ್ ಬದಲಿಸಿದಾಗ ಹಳೆಯ ಬರಹಗಳ ತುಂಬ ಆ ಬಿಲ್ಡರ್ ಸೇರಿಸಿದ ಚೌಕಾವರಣದ ಶಾರ್ಟ್‌ಕೋಡ್ (ಸಂಕೇತ ಪದ) ಉಳಿದುಬಿಡಬಹುದು, ಒಂದೊಂದನ್ನೂ ಕೈಯಾರೆ ತೆಗೆಯಬೇಕು.