ಸಿಲ್ವರ್ ಮೆಟಾಲಿಕ್‌ಗೆ ಯಾವ ಸ್ಪ್ರೇ ಗನ್? ಹೊಡೆದು ಅನುಭವ ಇರೋರು ಹೇಳಿ

ಹೊಸ ಶೆಡ್, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಒಂಬತ್ತು ವರ್ಷ ಇನ್ನೊಬ್ಬರ ಗ್ಯಾರೇಜಲ್ಲಿ ಪೇಂಟ್ ಹೊಡೆದು ಈಗ ಗುತ್ತಲು ರಸ್ತೇಲಿ ಸ್ವಂತ ಶೆಡ್ ಹಾಕ್ತಿದ್ದೀನಿ. ಕಂಪ್ರೆಸರ್ 2 ಎಚ್‌ಪಿ, ಸೆಕೆಂಡ್ ಹ್ಯಾಂಡು, ತಗೊಂಡಾಗಿದೆ. ಪ್ರೈಮರ್‌ಗೆ ಹಳೇ ಗನ್ ಇದೆ. ಬೇಸ್‌ಗೂ (ಬಣ್ಣದ ಕೋಟು) ಕ್ಲಿಯರ್‌ಗೂ (ಮೇಲಿನ ಹೊಳಪಿನ ಕೋಟು) ಸೇರಿ ಒಂದು ಒಳ್ಳೇ ಗನ್ ಬೇಕು, 20,000 ಒಳಗೆ. ಬರೋದು ಬಂಪರ್, ಡೋರು, ಫೆಂಡರ್ ಕೆಲಸ. ಸಿಲ್ವರ್, ಬಿಳಿ ಜಾಸ್ತಿ. ಒಬ್ಬರು ಎಚ್‌ವಿಎಲ್‌ಪಿ (ಗಾಳಿ ಜಾಸ್ತಿ, ಒತ್ತಡ ಕಮ್ಮಿ ಇರೋ ಗನ್) ಅಂತಾರೆ, ಇನ್ನೊಬ್ಬರು ಮಾಮೂಲಿ ಪ್ರೆಶರ್ ಗನ್ನೇ ಸಾಕು ಅಂತಾರೆ. ನಾಜಲ್ ತೂತು 1.3 ಎಂಎಂ ಓ 1.4 ಓ? ಆಯುಧಪೂಜೆಗೆ ಮುಂಚೆ ಶುರು ಮಾಡ್ಬೇಕು.

ಬನ್ನಿಮಂಟಪ ಪೇಂಟರ್:
ಎಚ್‌ವಿಎಲ್‌ಪಿ ಅನ್ನೋ ನಾಲ್ಕಕ್ಷರಕ್ಕೆ ನಾನು ಕಟ್ಟಿದ ಕಂದಾಯ ಕೇಳಿ. 2019ರಲ್ಲಿ 16,500 ಕೊಟ್ಟು ತಂದೆ. ಗನ್ ಮೂತೀಲಿರೋ ಗಾಳಿ ಕ್ಯಾಪಿನ ತುದೀಲಿ ಒತ್ತಡ 10 ಪಿಎಸ್‌ಐ ಮೀರಲ್ಲ, ಪೇಂಟು ಗಾಳೀಲಿ ಹಾರಿಹೋಗಲ್ಲ, ನೂರಕ್ಕೆ 65 ಭಾಗ ಪ್ಯಾನೆಲ್ ಮೇಲೇ ಕೂರುತ್ತೆ ಅಂತ ಅಂಗಡಿಯವನು ಪಾಠ ಮಾಡಿದ. ಅದು ಸುಳ್ಳಲ್ಲ. ಒತ್ತಡ ಕಮ್ಮಿ ಮಾಡಿದ್ರೆ ಗಾಳಿ ರಾಶಿ ರಾಶಿ ಬೇಕು ಅನ್ನೋದನ್ನ ಮಾತ್ರ ನುಂಗಿಕೊಂಡ.

ನಂದೂ ಆಗ 2 ಎಚ್‌ಪಿ. ಮೊದಲ ಕೆಲಸ ಒಂದು ಸಿಲ್ವರ್ ಕಾರಿನ ಬಾನೆಟ್ಟು. ಎಡಗಡೆಯಿಂದ ಶುರು ಮಾಡಿದಾಗ ಗಾಳಿ ಒತ್ತಡದ ಗೇಜು 6ರಲ್ಲಿತ್ತು. ಅರ್ಧ ಬಾನೆಟ್ಟಿಗೆ ಬರೋ ಹೊತ್ತಿಗೆ 3. ಗನ್ನಿಂದ ಬರೋ ಸ್ಪ್ರೇ ಫ್ಯಾನು ಅಂಗೈ ಅಗಲಕ್ಕೆ ಕುಗ್ಗಿತು, ಪೇಂಟು ಹನಿ ಹನಿಯಾಗಿ ಬಿತ್ತು. ಶೆಡ್ಡಿನ ಟ್ಯೂಬ್‌ಲೈಟಲ್ಲಿ ಏನೂ ಕಾಣಲಿಲ್ಲ, ಕ್ಲಿಯರೂ ಹೊಡೆದುಬಿಟ್ಟೆ. ಮಾರನೇ ದಿನ ಬಿಸಿಲಿಗೆ ತಂದು ನಿಲ್ಲಿಸಿದ್ರೆ ಎಡಗಡೆ ಕನ್ನಡಿ, ಬಲಗಡೆ ಮೋಡ ಮುಸುಕಿದ ಆಕಾಶ. ಗಿರಾಕಿ ಬಾಯಿ ಬಿಡಲಿಲ್ಲ, ಬಾನೆಟ್ಟನ್ನೇ ನೋಡ್ತಾ ನಿಂತ. ಬೈದಿದ್ರೇ ವಾಸಿ ಇತ್ತು.

ಲೆಕ್ಕ ಬರೆದಿಟ್ಟಿದ್ದೀನಿ. ಬೇಸ್ 1,900, ಕ್ಲಿಯರ್ ಹಾರ್ಡನರ್ ಸೇರಿ 1,750, ಥಿನ್ನರ್ 600, ಪೇಪರು ಟೇಪು 340, ಹುಡುಗನಿಗೆ ಎರಡು ದಿನದ ಸಂಬಳ 1,400. 5,990 ಮಣ್ಣುಪಾಲು. ಬಾನೆಟ್ಟಿನ ಕೂಲಿ ಅಂತ ನನಗೆ ಬಂದಿದ್ದು 3,500. ಗನ್ನನ್ನ ಆರು ತಿಂಗಳಿಗೆ 7,000ಕ್ಕೆ ಮಾರಿದೆ. ಈಗ ಮಾಮೂಲಿ ಗನ್ನೇ. ಪೇಂಟಿನ ಹೊಗೆ ಜಾಸ್ತಿ ಬರುತ್ತೆ, ಬರಲಿ.

ಮೇಟಗಳ್ಳಿ ಬೂತ್:
ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಮೂರು ಎಚ್‌ಪಿ ಪಂಪು ಕೇಳೋ ಬಾವಿಗೆ ಅರ್ಧ ಎಚ್‌ಪಿ ಇಟ್ಟು, ಬಾವಿ ಸರಿ ಇಲ್ಲ ಅಂತೀರಲ್ಲ ಸ್ವಾಮಿ. 2 ಎಚ್‌ಪಿ ಪ್ಲೇಟ್ ಮೇಲೆ 8-9 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಅಂತ ಬರೆದಿರ್ತಾರೆ. ಅದು ಪಿಸ್ಟನ್ ಒಳಗೆಳೆದುಕೊಳ್ಳೋ ಲೆಕ್ಕ. ಹೊರಗೆ ಬರೋದು ಅದಕ್ಕಿಂತ ಕಮ್ಮಿ.

ನಂದು ಜರ್ಮನಿಯ ಸಾಟಾ 5000 ಗನ್, ಆರ್‌ಪಿ (ಎಚ್‌ವಿಎಲ್‌ಪಿಗಿಂತ ಕಮ್ಮಿ ಗಾಳಿ ಸಾಕಾಗೋ ಮಾದರಿ). ಕ್ಯಾಟಲಾಗಲ್ಲೇ ಇದೆ: 2 ಬಾರ್ ಒತ್ತಡದಲ್ಲಿ ಎಚ್‌ವಿಎಲ್‌ಪಿಗೆ ನಿಮಿಷಕ್ಕೆ 430 ಲೀಟರ್ ಗಾಳಿ, ಆರ್‌ಪಿಗೆ 290. ಅಂದ್ರೆ 15 ಸಿಎಫ್‌ಎಂ ಒಂದಕ್ಕೆ, 10 ಇನ್ನೊಂದಕ್ಕೆ. ಓದಿ ತಗೊಂಡೆ. ಗನ್ ತಗೊಳ್ಳೋ ಮುಂಚೆ 5 ಎಚ್‌ಪಿ ಕಂಪ್ರೆಸರ್, ಆಮೇಲೆ ಜಿಐ ಪೈಪು 30 ಅಡಿ ಕಂಪ್ರೆಸರ್ ಕಡೆಗೇ ಇಳಿಜಾರು ಕೊಟ್ಟು, ಪ್ರತಿ ಇಳಿಕೇಲೂ ನೀರು ಬಿಡೋಕೆ ಒಂದು ಡ್ರೇನ್ ಕಾಕ್. ಫಿಲ್ಟರ್ ಪೈಪಿನ ಕೊನೇಲಿ. ನೀವೆಲ್ಲ ಫಿಲ್ಟರನ್ನ ಟ್ಯಾಂಕಿನ ಮೂತಿಗೇ ಸಿಕ್ಕಿಸಿರ್ತೀರಿ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗೇ ದಾಟಿ ಹೋಗುತ್ತೆ. ಹೋಸು ತಣ್ಣಗಾದ ಮೇಲೆ ನೀರಾಗಿ ಕ್ಲಿಯರ್ ಮೇಲೆ ಬೀಳುತ್ತೆ. ಪೈಪಿಗೆ 11,200, ಪ್ಲಂಬರ್‌ಗೆ 3,000, ಫಿಲ್ಟರ್ ರೆಗ್ಯುಲೇಟರ್ 6,800. ಗನ್ನಿನ ಕಂತು ಇನ್ನೂ ನಾಲ್ಕು ತಿಂಗಳಿದೆ. ಮನೇಲಿ ಆ ಸಾಲದ ಮಾತು ಬೇಡ. ಆದ್ರೆ ಎರಡು ವರ್ಷದಲ್ಲಿ ಒಂದು ಪ್ಯಾನೆಲ್ ವಾಪಸ್ ಬಂದಿಲ್ಲ.

ಬನ್ನಿಮಂಟಪ ಪೇಂಟರ್:
@ಮೇಟಗಳ್ಳಿ ನಿಮ್ಮಪ್ಪ ಬಿಟ್ಟುಹೋದ ಸೈಟು ಮಾರಿ ಬೂತ್ (ಪೇಂಟ್ ಹೊಡೆಯೋ ಮುಚ್ಚಿದ ಕೋಣೆ) ಕಟ್ಟಿಸಿದ್ದು ನೀವು. ಕೇಳಿರೋನು 20,000 ಇಟ್ಕೊಂಡು ಬಂದಿದ್ದಾನೆ. ಅವನಿಗೆ ಕ್ಯಾಟಲಾಗ್ ಓದಿ ಹೇಳ್ತೀರಲ್ಲ.

ಮೇಟಗಳ್ಳಿ ಬೂತ್:
ಅಪ್ಪನ ಸುದ್ದಿ ಯಾಕೆ ಇಲ್ಲಿ? ಬ್ಯಾಂಕ್ ಸಾಲದ ಕಾಗದ ತೋರಿಸ್ಲಾ?

ಪಾಂಡವಪುರದ ಹೈದ:
ಅಣ್ಣೋ, ನಿಮ್ ಜಗಳ ಅತ್ಲಾಗಿರ್ಲಿ, ನಂದು ಕೇಳಿ. ಬೆಂಗ್ಳೂರಲ್ಲಿ ಒಂದ್ ಅಂಗ್ಡೀಲಿ ಜರ್ಮನಿ ಗನ್ನು 9,000ಕ್ಕೆ ಕೊಡ್ತೀನಿ ಅಂದ. ಡಬ್ಬ ನೋಡುದ್ರೆ ತಳತಳ ಅಂತದೆ, ಒಳ್ಗೆ ಬ್ರಷ್ಷು, ಸ್ಪ್ಯಾನರ್ರು, ನಂಬರ್ ಬರ್ದಿರೋ ಚೀಟಿ ಎಲ್ಲ ಅದೆ. ಬಸ್ಸಲ್ಲಿ ತೊಡೆ ಮ್ಯಾಲೆ ಮಡೀಕ್ಕಂಡು ಬಂದೆ, ಮಗೀನಂಗೆ. ಆರ್ ತಿಂಗ್ಳು ಚೆನ್ನಾಗೇ ಹೊಡೀತು, ಸುಳ್ ಯಾಕೆ ಹೇಳ್ಲಿ.

ಆಮೇಲೆ ಒಂದಿನ ಹುಡ್ಗ ಕ್ಲಿಯರ್ ಹೊಡ್ದ ಗನ್ನ ತೊಳೀದೆ ಊಟಕ್ಕೋದ. ಹಾರ್ಡನರ್ ಹಾಕಿರೋ ಮಾಲು ಕೇಳ್ತದಾ? ಸಂಜೆಗೆ ಕಲ್ಲು. ಈ ಪುಣ್ಯಾತ್ಮ ನಂಗೆ ಗೊತ್ತಾಗ್ಬಾರ್ದು ಅಂತ ಬೈಂಡಿಂಗ್ ತಂತಿ ತಗಂಡು ಕ್ಯಾಪಿನ ಕೊಂಬಿನ ತೂತೆಲ್ಲ ತಿವ್ದವ್ನೆ. ಮಾರ್ನೆ ದಿನ ಗೋಡೆ ಮ್ಯಾಲೆ ಹೊಡ್ದು ನೋಡುದ್ರೆ ಪ್ಯಾಟ್ರನ್ನು ಬಾಳೆಹಣ್ಣು. ಕ್ಯಾಪ್ ಅರ್ಧ ಸುತ್ತು ತಿರುಗ್ಸಿ ಮತ್ತೆ ಹೊಡ್ದೆ, ಬಾಳೆಹಣ್ಣೂ ತಿರುಗ್ತು. ಅಂಗೆ ತಿರುಗುದ್ರೆ ಕ್ಯಾಪ್ ಹೋಗದೆ, ತಿರುಗ್ದೆ ಇದ್ದಿದ್ರೆ ನಾಜಲ್. ಸರಿ, ಕ್ಯಾಪು ನಾಜಲ್ಲು ಸೂಜಿ ಮೂರೂ ಸೆಟ್ಟೇ ಬದ್ಲಾಯಿಸವ ಅಂತ ಒರಿಜಿನಲ್ ಸೆಟ್ಟಿಗೆ ಹೇಳಿ ತರ್ಸುದ್ರೆ ಥ್ರೆಡ್ಡೇ ಕೂರ್ತಿಲ್ಲ! ಆಗ ತಿಳೀತು, ನನ್ ಮಗೀಗೆ ಜರ್ಮನೀನೂ ಇಲ್ಲ, ಗಿರ್ಮನೀನೂ ಇಲ್ಲ. ಸೆಟ್ಟು 8,400. ವಾಪಸ್ ತಗಳಲ್ಲ ಅಂದ್ರು. ಡಬ್ಬ ಈಗ್ಲೂ ದೇವ್ರ ಫೋಟೋ ಪಕ್ಕ ಅದೆ.

ಮದ್ದೂರು ಟ್ರ್ಯಾಕ್ಟರ್ ಪೇಂಟಿಂಗ್:
ಹುಡುಗನ್ನ ಯಾಕೆ ಬೈತೀರಿ? ತೊಳೆಯೋದು ಹೊಡೆದವನ ಕೆಲಸ. ನಾನು ನಮ್ಮ ಮೇಸ್ತ್ರಿ ಹತ್ತಿರ ಮೂರು ವರ್ಷ ಬರೀ ವಾಟರ್ ಪೇಪರ್ ಉಜ್ಜಿದೆ, ಗನ್ ಕೈಗೆ ಕೊಡಲಿಲ್ಲ. ತೊಳೆಯೋಕೆ ಮಾತ್ರ ಕೊಡ್ತಿದ್ರು. ಹಲ್ಲುಕಡ್ಡಿಯಲ್ಲಿ ತೆಗಿ, ತಂತಿ ಮುಟ್ಟಿದ್ರೆ ಕೈ ಮುರೀತೀನಿ ಅಂತ ಮೊದಲನೇ ದಿನವೇ ಹೇಳಿದ್ರು. ಹೇಳಿಕೊಟ್ಟಿದ್ರೆ ಆ ಹುಡುಗ ತಂತಿ ಮುಟ್ತಿದ್ನಾ?

ಪಾಂಡವಪುರದ ಹೈದ:
ಹೇಳ್ಕೊಟ್ಟಿದ್ದೆ ಕಣಣ್ಣ. ಅವ್ನು ಫೋನ್ ನೋಡ್ತಿದ್ದ.

ಹಳೇ ಕೈ, ಮೈಸೂರು:
ಮೂವತ್ತೊಂದು ವರ್ಷದಿಂದ ಹೊಡೀತಿದ್ದೀನಿ. ಕೆಳಗೆ ಡಬ್ಬ ಇರೋ ಪೈಲಟ್ ಗನ್ನಲ್ಲಿ ಕಲಿತಿದ್ದು. ಮೇಲೆ ಕಪ್ ಇರೋ ಗನ್ನು ಆಮೇಲೆ ಬಂದಿದ್ದು. ಅಂಬಾಸಿಡರ್ ಕಾರಿಗೆ ಹಳೇ ಕಾಲದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಎಂಟು ಕೋಟ್ ಎಳೆದು, ಪ್ರತಿ ಕೋಟಿಗೂ ಉಜ್ಜಿ, ಕಾಂಪೌಂಡ್ ಹಾಕಿ ಮುಖ ನೋಡ್ಕೊಂಡು ಮೀಸೆ ತಿರುವಬಹುದಿತ್ತು. ಮಳೆಗಾಲದಲ್ಲಿ ಬೆಳ್ಳಗೆ ಬೂಷ್ಟು ಹಿಡಿದ ಹಾಗಾಗೋದು, ಆಗ ನಿಧಾನ ಒಣಗಿಸೋ ರಿಟಾರ್ಡರ್ ಹಾಕಿ ಇನ್ನೊಂದು ಕೋಟ್. ಈಗಿನವರಿಗೆ ಗನ್ನು ಜಪಾನಿಂದ ಬರಬೇಕು, ಜರ್ಮನಿಯಿಂದ ಬರಬೇಕು, ಕೈ ಮಾತ್ರ ಎಲ್ಲಿಂದಾದ್ರೂ ಬರಲಿ. ಪ್ಯಾನೆಲ್‌ಗೆ ಒಂದು ಗೇಣು ದೂರ, ಗನ್ ನೆಟ್ಟಗೆ, ಅರ್ಧಕ್ಕೆ ಅರ್ಧ ಮೇಲೆ ಬರೋ ಹಾಗೆ ಎಳಿ. ಮಣಿಕಟ್ಟು ತಿರುಗಿಸಿದ್ಯೋ, ಯಾವ ದೇಶದ ಗನ್ನಾದ್ರೂ ಅಷ್ಟೆ.

ಮೇಟಗಳ್ಳಿ ಬೂತ್:
@ಹಳೇ ಕೈ ಎನ್‌ಸಿ ಕಾಲ ಮುಗೀತು ಯಜಮಾನ್ರೇ. ಮೂರು ಕೋಟ್ ಮೆಟಾಲಿಕ್ಕನ್ನ ಎಂಟು ಕೋಟ್ ಲೆಕ್ಕದಲ್ಲಿ ಹೊಡೆದ್ರೆ ಶೇಡ್ ಕಪ್ಪಾಗುತ್ತೆ. ಒದ್ದೆ ಹೊಡೆದಷ್ಟೂ ಅಲ್ಯೂಮಿನಿಯಂ ಪುಡಿ ಕೆಳಗಿಳಿಯುತ್ತೆ. ಕೈ ಒಂದರಲ್ಲೇ ಆಗೋದಾದ್ರೆ ಗನ್ ಕಂಪನಿಗಳು ಬಾಗಿಲು ಹಾಕ್ಬೇಕಿತ್ತು.

ಹಳೇ ಕೈ, ಮೈಸೂರು:
ನಿನ್ನ ಬೂತಿಗೆ ಬಂದು ನನ್ನ 4,200 ರೂಪಾಯಿ ಗನ್ನಲ್ಲಿ ಸಿಲ್ವರ್ ಡೋರ್ ಹೊಡೀತೀನಿ. ನಿನ್ನ ಸಾಟಾದಲ್ಲಿ ನೀನೂ ಒಂದು ಹೊಡಿ. ಯಾವುದು ಯಾವ ಗನ್ನಿಂದು ಅಂತ ಹೇಳಪ್ಪ, ಸಾಟಾ ಕಂತು ನಾನು ಕಟ್ತೀನಿ.

ಕೆಲಸ ಬಿಟ್ಟ ಪೇಂಟರ್:
ಕೈ ಬಗ್ಗೆ ಇಷ್ಟು ಮಾತಾಡ್ತೀರಿ, ಎದೆ ಬಗ್ಗೆ ಯಾರೂ ಮಾತಾಡಲ್ಲ. ನಾನೂ ಮಾಮೂಲಿ ಗನ್ನಲ್ಲಿ, ಮೂಗಿಗೆ ಕರ್ಚೀಫ್ ಕಟ್ಟಿ ಹದಿನಾಲ್ಕು ವರ್ಷ ಹೊಡೆದೆ. ಬಾಗಿಲು ಹಾಕಿದ ಶೆಡ್ಡಲ್ಲಿ, ಧೂಳು ಬೀಳಬಾರದು ಅಂತ ಫ್ಯಾನೂ ಆಫ್. ಹಾರ್ಡನರಲ್ಲಿರೋ ಐಸೊಸೈನೇಟು ಅನ್ನೋ ಕೆಮಿಕಲ್ಲು ಕರ್ಚೀಫಿಗೆ ಲೆಕ್ಕ ಇಡಲ್ಲ. ಮೊದಲು ಸೋಮವಾರ ಮಾತ್ರ ಕೆಮ್ಮು, ಆಮೇಲೆ ಎಲ್ಲಾ ದಿನ. ಆಸ್ಪತ್ರೆಗೆ ಇದುವರೆಗೆ 62,000. ಇನ್‌ಹೇಲರ್ ತಿಂಗಳಿಗೆ 780. ಈಗ ಕ್ಲಿಯರ್ ವಾಸನೆ ಬಂದ್ರೆ ಸಾಕು, ಎದೆ ಹಿಡ್ಕೊಳ್ಳುತ್ತೆ. ಪಕ್ಕದ ಬೀದೀಲಿ ಹೊಡೀತಿದ್ರೂ ನನಗೆ ಗೊತ್ತಾಗುತ್ತೆ. ಬನ್ನಿಮಂಟಪದೋರು ‘ಹೊಗೆ ಬರಲಿ’ ಅಂದ್ರಲ್ಲ, ಅದಕ್ಕೆ ಬರೆದೆ.

ಹಳೇ ಕೈ, ಮೈಸೂರು:
ನಾವೂ ಕರ್ಚೀಫಲ್ಲೇ ಹೊಡೆದಿದ್ದು. ಬೆಲ್ಲ ತಿಂದ್ರೆ ಏನೂ ಆಗಲ್ಲ.

ಕೆಲಸ ಬಿಟ್ಟ ಪೇಂಟರ್:
ಕ್ವಿಂಟಾಲ್ ಬೆಲ್ಲ ತಿಂದಿದ್ದೀನಿ ಸಾರ್. ಬೆಲ್ಲ ಹೊಟ್ಟೆಗೆ ಹೋಗುತ್ತೆ.

ಪಾಂಡವಪುರದ ಹೈದ:
ಬೆಲ್ಲ ಅಂದಾಗ ಗ್ಯಾಪ್ನ ಬಂತು. ಹೊಸ ಶೆಡ್ಡಣ್ಣ, ಅಕ್ಕಪಕ್ಕ ಆಲೆಮನೆ ಅದಾ ನೋಡ್ಕೊ. ನಮ್ ಶೆಡ್ಡಿಂದ ಎರಡ್ ಗದ್ದೆ ಆಚ್ಗೆ ಅದೆ. ಕಬ್ಬಿನ ರಚ್ಚು ಒಲೆ ಹತ್ತುಸ್ದಾಗ ಗಾಳಿ ಇತ್ಲಾಗ್ ಬೀಸ್ತು, ಕಪ್ ಬೂದಿ ಬಂದು ಬಿಳೀ ಬಂಪರ್ ಮ್ಯಾಲೆ ಕೂತ್ಕತ್ತು. ಹಸಿ ಕ್ಲಿಯರ್. ಎಳ್ಳು ಹಾಕಿದ್ ನಿಪ್ಪಟ್ಟು ಕಂಡಂಗ್ ಕಾಣ್ತಿತ್ತು.

ಬನ್ನಿಮಂಟಪ ಪೇಂಟರ್:
ಬೂದಿ ಉಜ್ಜಿದ್ರೆ ಹೋಗುತ್ತೆ. ಫಿಶ್ ಐ (ಪೇಂಟಲ್ಲಿ ಮೂಡೋ ದುಂಡು ಗುಳಿ) ಬಂದ್ರೆ ಏನ್ಮಾಡ್ತೀರಿ? ನಮ್ಮ ಪಕ್ಕ ವಾಟರ್ ವಾಶ್ ಬಂತು. ಅವರು ಟೈರಿಗೆ, ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಪಾಲಿಶ್ ಸ್ಪ್ರೇ ಮಾಡೋದು, ನಮ್ಮಲ್ಲಿ ಕ್ಲಿಯರ್ ಮೇಲೆ ಮೀನಿನ ಕಣ್ಣು ಮೂಡೋದು. ಒಂದೇ ಡೋರು ಮೂರು ಸಲ ಹೊಡೆದೆ. ಕಂಪ್ರೆಸರ್ ಆಯಿಲ್ ಗಾಳಿಗೆ ಸೇರ್ತಿದೆ ಅಂತ ರಿಂಗ್ ಬದಲಾಯಿಸಿದೆ, 2,600. ಆಮೇಲೆ ಗೊತ್ತಾಯ್ತು.

ಮದ್ದೂರು ಟ್ರ್ಯಾಕ್ಟರ್ ಪೇಂಟಿಂಗ್:
ನಿಮ್ಮ ಹುಡುಗರ ತಲೆಗೆ ಮೆತ್ತಿರೋ ಕೊಬ್ಬರಿ ಎಣ್ಣೇನೂ ನೋಡ್ಕೊಳ್ಳಿ. ಹಣೆ ಒರೆಸಿದ ಕೈಲೇ ಪ್ಯಾನೆಲ್ ಒರೆಸ್ತಾರೆ.

ಬನ್ನಿಮಂಟಪ ಪೇಂಟರ್:
ಟ್ರ್ಯಾಕ್ಟರ್‌ಗೆ ಎನಾಮೆಲ್ ಬಳಿಯೋರು ಫಿಶ್ ಐ ಬಗ್ಗೆ ಹೇಳೋ ಕಾಲ ಬಂತು.

ಮದ್ದೂರು ಟ್ರ್ಯಾಕ್ಟರ್ ಪೇಂಟಿಂಗ್:
ಬಳಿಯಲ್ಲ, ಹೊಡೀತೀವಿ. ಹಬ್ಬದ ತಿಂಗಳು ಹನ್ನೊಂದು ಟ್ರ್ಯಾಕ್ಟರ್ ಇಳಿಸಿದ್ದೀನಿ. ನೀವು ಎಷ್ಟು ಬಾನೆಟ್ ಇಳಿಸಿದ್ರಿ?

ಹೊಸ ಶೆಡ್, ಮಂಡ್ಯ:
ಅಣ್ಣಂದಿರಾ, ಎಲ್ಲಾ ಓದಿದೆ. ಮಾಸ್ಕ್ ಇವತ್ತೇ ತಗೋತೀನಿ. 2 ಎಚ್‌ಪಿ ಈಗ ಬದಲಾಯಿಸೋಕಾಗಲ್ಲ. ಜಪಾನಿನ ಇವಾಟಾ ಡಬ್ಲ್ಯೂ-400 ಗನ್ ಸೆಕೆಂಡ್ ಹ್ಯಾಂಡ್ ಒಂದು 11,000ಕ್ಕೆ ಬಂದಿದೆ, 1.3 ನಾಜಲ್. ತಗೊಳ್ಲಾ? ಕೆಲಸ ಪ್ಯಾನೆಲ್ ಲೆಕ್ಕದಲ್ಲಷ್ಟೆ, ಫುಲ್ ಬಾಡಿ ಒಪ್ಕೊಳ್ಳಲ್ಲ.

ಮೇಟಗಳ್ಳಿ ಬೂತ್:
ತಗೊಳ್ಳಿ. ಒಂದು ಪ್ಯಾನೆಲ್ ಹೊಡೆದು ಟ್ಯಾಂಕ್ ತುಂಬೋವರೆಗೆ ಕಾಯಿರಿ. ಹೋಸು 6 ಎಂಎಂ ಇದ್ರೆ ಬಿಸಾಕಿ, ಹತ್ತು ಎಂಎಂ ಹಾಕಿ. ಸೂಜಿ ತೆಗೆದು ಉಗುರಿನ ಮೇಲೆ ಎಳೆದು ನೋಡಿ, ಸವೆದು ಮೆಟ್ಟಿಲು ಬಿದ್ದಿರೋದು ಸಿಕ್ಕಿದ್ರೆ ಬೇಡ.

ಬನ್ನಿಮಂಟಪ ಪೇಂಟರ್:
ಇದೊಂದು ಸರಿ ಹೇಳಿದ್ರು. ಆದ್ರೆ ಮಂಡ್ಯ ಬಿಸಿಲಿಗೆ 1.4 ಬೇಕು.

ಮೇಟಗಳ್ಳಿ ಬೂತ್:
ಬಿಸಿಲಿಗೂ ನಾಜಲ್‌ಗೂ ಏನ್ರೀ ಸಂಬಂಧ? ನಿಧಾನ ಆರೋ ಸ್ಲೋ ಥಿನ್ನರ್ ಹಾಕಿ.

ಬನ್ನಿಮಂಟಪ ಪೇಂಟರ್:
ಸ್ಲೋ ಥಿನ್ನರ್ ಅಂತ ಡಬ್ಬದ ಮೇಲೆ ಬರೆದು ಒಳಗೆ ಏನು ತುಂಬಿರ್ತಾರೆ ಅಂತ ನನಗೆ ಗೊತ್ತು, ಅದರ ಕತೆ ಬೇರೆ ಇದೆ.

ಪಾಂಡವಪುರದ ಹೈದ:
ಪ್ರೈಮರ್‌ಗೆ ಯಾರ್‌ಗಾದ್ರೂ ಗನ್ ಬೇಕಿದ್ರೆ ನನ್ ಜರ್ಮನಿ ಅದೆ, 800ಕ್ಕೆ ಕೊಡ್ತೀನಿ. ಡಬ್ಬ ಹೊಸ್ದು. ಕ್ಯಾಪ್ ಇಲ್ಲ.