ಮನೆ ಕೊಳ್ಳುವಾಗ ಹವಾಮಾನದ ಅಪಾಯ: ವಕೀಲರನ್ನು ಕೇಳಿ

ಮೊದಲ ಮನೆ: ಮೇಡಂ, ನಮ್ಮ ವಕೀಲರು ಟೈಟಲ್ ಕ್ಲಿಯರ್ ಇದೆ, ಸಹಿ ಹಾಕಿ ಅಂತಾರೆ. ಮನೆ ಹಳ್ಳದ ಪಕ್ಕ. ಒಳಗೋಡೆಗೆ ಮೊಣಕಾಲೆತ್ತರದವರೆಗೆ ಮಾತ್ರ ಹೊಸ ಬಣ್ಣ, ಸ್ವಿಚ್ ಬೋರ್ಡ್‌ಗಳೆಲ್ಲ ಎದೆಮಟ್ಟಕ್ಕೆ ಏರಿವೆ. ನಾಡಿದ್ದು ಅಗ್ರಿಮೆಂಟ್.

ವಕೀಲೆ: ನಾಡಿದ್ದು ಸಹಿ ಬೇಡ. ಆ ಬಣ್ಣ, ಆ ಬೋರ್ಡು ಎರಡೂ ನನಗೆ ದಿಗಿಲು ಹುಟ್ಟಿಸಿವೆ. ನೀರು ಯಾವಾಗ ನುಗ್ಗಿತ್ತು, ಎಲ್ಲಿಯವರೆಗೆ ಬಂತು, ವಿಮೆ ಕ್ಲೇಮ್ ಆಗಿತ್ತಾ, ಮಾರುವವರಿಂದ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಇದೇ ವಿಳಾಸಕ್ಕೆ ವಿಮೆಯ ಕೊಟೇಶನ್ ಈಗಲೇ ತರಿಸಿ. ಸಾಲ ಮೂವತ್ತು ವರ್ಷದ್ದು, ಮನೆ ವಿಮೆ ಸಾಮಾನ್ಯವಾಗಿ ವರ್ಷ ವರ್ಷ ನವೀಕರಿಸುವಂಥದ್ದು. ನಡುವೆ ಕಂಪನಿ ಕೈಬಿಟ್ಟರೂ ಕಂತು ತಪ್ಪಲ್ಲ. "ನೂರು ವರ್ಷಕ್ಕೊಮ್ಮೆಯ ಪ್ರವಾಹ" ಅಂದರೆ ಪ್ರತಿ ವರ್ಷವೂ ಶೇ 1ರಷ್ಟು ಸಾಧ್ಯತೆ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ 26. ಅದೂ ಹಳೆಯ ಮಳೆಯ ಲೆಕ್ಕ, ಹವಾಮಾನ ಬದಲಾದಂತೆ ಇನ್ನೂ ಹೆಚ್ಚಬಹುದು. ವಿಮೆ ಸಿಗದಿದ್ದರೆ ಮುಂಗಡ ವಾಪಸ್ ಅನ್ನುವ ಷರತ್ತು ಅಗ್ರಿಮೆಂಟಿನಲ್ಲೇ ಇರಲಿ. ವಕೀಲರು ಹವಾಮಾನ ತಜ್ಞರಾಗಬೇಕಿಲ್ಲ. ಆದರೆ ಅಪಾಯ ಕಣ್ಣಿಗೆ ಬಿದ್ದ ಮೇಲೆ ಕಕ್ಷಿದಾರರಿಗೆ ಬರೆದು ತಿಳಿಸಬೇಕು, ತಮಗೆ ಗೊತ್ತಿಲ್ಲದ್ದಕ್ಕೆ ಎಂಜಿನಿಯರ್ ಹತ್ತಿರ ಕಳಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಕೀಲರ ಸಂಘ ಲಾ ಸೊಸೈಟಿ ಈ ವಿಷಯಕ್ಕೆಂದೇ 2025ರಲ್ಲಿ ವಕೀಲರಿಗೆ ಮಾರ್ಗದರ್ಶನ ಹೊರಡಿಸಿದೆ.

ಎತ್ತರದ ಸೈಟು: ನಮ್ಮದು ಗುಡ್ಡದ ಮೇಲೆ. ಚಿಂತೆ ಇಲ್ಲ ತಾನೆ?

ವಕೀಲೆ: ಭೂಕುಸಿತ, ಕಾಳ್ಗಿಚ್ಚು, ನೀರಿನ ಕೊರತೆ. ಮೂರನ್ನೂ ವಿಚಾರಿಸಿ.

ಹಿತೈಷಿ: ಬಂದ ಮೆಸೇಜು: "ಪ್ರವಾಹ ಬಂದಿಲ್ಲ ಎಂದು ಮಾರುವವರಿಂದ ಅಫಿಡವಿಟ್ ಪಡೆದರೆ ಪೂರ್ಣ ರಕ್ಷಣೆ. ಎಲ್ಲರಿಗೂ ಕಳಿಸಿ."

ವಕೀಲೆ: ದಯವಿಟ್ಟು ಕಳಿಸಬೇಡಿ. ಹಿಂದೆ ನೀರು ಬಂದಿಲ್ಲ ಅಂದರೆ ಮುಂದೆ ಬರಲ್ಲ ಅಂತಲ್ಲ. ಸುಳ್ಳು ಬರೆದುಕೊಟ್ಟಿದ್ದರೆ ಮನೆಯೊಳಗೆ ನೀರು ನಿಂತ ಮೇಲೆ ಕೋರ್ಟಿಗೆ ಅಲೆಯಬೇಕಾದವರು ನೀವೇ.

ಸಾಲಗಾರ: ಬ್ಯಾಂಕ್ ಸಾಲ ಕೊಟ್ಟಿದೆ, ಅಂದರೆ ಎಲ್ಲ ಸರಿ ಅಲ್ವಾ?

ವಕೀಲೆ: ಅಲ್ಲ. ಬ್ಯಾಂಕ್ ನೋಡುವುದು ತನ್ನ ಸಾಲದ ಭದ್ರತೆ.

ಏಜೆಂಟ್: ವಕೀಲರೇ ಹೀಗೆ ಹೆದರಿಸಿದರೆ ವ್ಯವಹಾರ ನಡೆಯೋದು ಹೇಗೆ? ಟೈಟಲ್ ನೋಡೋದಷ್ಟೇ ನಿಮ್ಮ ಕೆಲಸ.

ಕೆಳಮಹಡಿ: ಕಮಿಷನ್ ಎಣಿಸೋರು ನೀವು, ಕೆಸರು ಬಾಚೋರು ನಾವು.

ಏಜೆಂಟ್: ಮಾತು ಹಿಡಿತದಲ್ಲಿರಲಿ. ಕಡಿಮೆ ರೇಟು ಅಂತ ಹಿಂದೆ ಬಿದ್ದು ಕೊಂಡೋರು ಯಾರು?

ಕೆಳಮಹಡಿ: ನೀರಿನ ವಿಷಯ ಮುಚ್ಚಿಟ್ಟೋರು ಯಾರು, ಅದನ್ನ ಹೇಳಿ ಮೊದಲು!

ಹೊಸಬ: ಬೇಸ್‌ಮೆಂಟ್ ಪಾರ್ಕಿಂಗಿಗೆ ನೀರು ನುಗ್ಗಿದರೆ ಖರ್ಚು ಸಂಘದ್ದಾ, ನಮ್ಮದಾ?

ಬೆಟ್ಟದ ಬದಿ: ಮೇಡಂ, ಎತ್ತರದಲ್ಲಿದ್ದರೆ ಭಯವಿಲ್ಲ ಅಲ್ವಾ?

ವಕೀಲೆ: ಮೇಲೆ ಓದಿ.

ಮೊದಲ ಮನೆ: ಮೇಡಂ, ಮಾರುವವರು ಬರೆದುಕೊಡಲ್ಲ ಅಂತಿದ್ದಾರೆ.

ವಕೀಲೆ: ಸಹಿ ಹಾಕಬೇಡಿ. ಅವರು ನಿರಾಕರಿಸಿದ್ದನ್ನು ನಿಮ್ಮ ವಕೀಲರಿಗೆ ಇವತ್ತೇ ಮೇಲ್ ಮಾಡಿ, ಅವರ ಸಲಹೆಯನ್ನೂ ಮೇಲ್‌ನಲ್ಲೇ ಕೇಳಿ. ಎಂಜಿನಿಯರ್ ಕರೆದುಕೊಂಡು ಹೋಗಿ ಗೋಡೆ ತೋರಿಸಿ. ಉಳಿದವರು ಜಗಳ ಬೇರೆ ಕಡೆ ಆಡಿಕೊಳ್ಳಿ, ಇವರ ಪ್ರಶ್ನೆ ಕೆಳಗೆ ಹೋಗುತ್ತಿದೆ.